ನಾಟಿ ಕೋಳಿಯ ತಳಿ ಆಯ್ಕೆ: ಮನೆಯಲ್ಲಿ ಯಾವ ಹುಂಜ ಉಳಿಯಬೇಕು?

ಭದ್ರಾವತಿ ತಾಲ್ಲೂಕಿನ ಒಂದು ಹಳ್ಳಿಯ ವಾಚನಾಲಯದಲ್ಲಿ ಭತ್ತದ ಬೆಂಕಿರೋಗದ ಬಗ್ಗೆ ಮಾತು ಮುಗಿಸಿ ಏಳುತ್ತಿದ್ದೆ. ಕಾಲೇಜು ಓದುವ ಹುಡುಗನೊಬ್ಬ ಹತ್ತಿರ ಬಂದು ತನ್ನ ಮೊಬೈಲ್ ತೋರಿಸಿದ. ಅದರಲ್ಲಿ ಹಳದಿ ಮೈಯ, ಕಪ್ಪು ಚುಕ್ಕೆಯ ಒಂದು ಹಲ್ಲಿಯ ಚಿತ್ರವಿತ್ತು. ಹೊರದೇಶಗಳಲ್ಲಿ ಇಂಥ ಹಲ್ಲಿಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕಿ, ಬಣ್ಣ ನೋಡಿ ಜೋಡಿ ಮಾಡಿ, ಹೊಸ ಹೊಸ ಬಣ್ಣದ ಮರಿಗಳನ್ನು ಪಡೆಯುತ್ತಾರೆ. "ಸಾರ್, ಇದನ್ನ ಸಾಕಿ ಮರಿ ಮಾಡಿ ಮಾರಬಹುದಾ?" ಎಂದು ಅವನ ಪ್ರಶ್ನೆ. ಪಕ್ಕದಲ್ಲಿ ಪತ್ರಿಕೆ ಹಿಡಿದು ಕೂತಿದ್ದ ಹಿರಿಯರೊಬ್ಬರು ತಲೆ ಎತ್ತದೆ, "ನಮ್ಮನೆ ಗೋಡೆ ಮೇಲೆ ಬೇಕಾದಷ್ಟು ಅವೆ, ಹಿಡ್ಕೊಂಡು ಹೋಗು ಮಾರಾಯ" ಎಂದರು. ಎಲ್ಲರೂ ನಕ್ಕರು.

ನಗುವ ಪ್ರಶ್ನೆಯೇನೂ ಅದಾಗಿರಲಿಲ್ಲ. ಆದರೆ ನಮ್ಮ ಕಾಡುಮೇಡಿನ ಪ್ರಾಣಿಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ರಕ್ಷಣೆಯಿದೆ; ಹೊರದೇಶದ ಪ್ರಾಣಿ ಸಾಕುವುದಕ್ಕೂ ನಿಯಮಗಳಿವೆ. ಅರಣ್ಯ ಇಲಾಖೆಯನ್ನು ಕೇಳದೆ ಅಂಥ ಕೆಲಸಕ್ಕೆ ಕೈ ಹಾಕಬಾರದು ಎಂದು ಅವನಿಗೆ ಹೇಳಿದೆ. ಜೊತೆಗೆ ಇನ್ನೊಂದು ಮಾತನ್ನೂ ಹೇಳಿದೆ. ಅವನು ಕಲಿಯಬೇಕೆಂದಿರುವ ವಿದ್ಯೆ ಹಲ್ಲಿಯದಲ್ಲ, ತಳಿ ಆಯ್ಕೆಯದು. ಆ ವಿದ್ಯೆಗೆ ಬೇಕಾದ ಪ್ರಾಣಿ ಅವರ ಮನೆಯ ಕೊಟ್ಟಿಗೆಯ ಹಿಂದೆ ಕೆದಕುತ್ತಲೇ ಇದೆ. ಆ ಹಲ್ಲಿ ಒಂದು ಸಲಕ್ಕೆ ಎರಡೇ ಮೊಟ್ಟೆ ಇಡುತ್ತದೆ. ನಮ್ಮ ನಾಟಿ ಹೇಂಟೆ ಒಂದು ಸರದಿಯಲ್ಲಿ ಹತ್ತು ಹನ್ನೆರಡು ಇಡುತ್ತದೆ. ಮರಿ ಹೆಚ್ಚಿದ್ದಷ್ಟೂ ಆರಿಸುವವನಿಗೆ ಅನುಕೂಲ.

ನಮಗೆ ಗೊತ್ತಿಲ್ಲದೆಯೇ ನಡೆಯುವ ಆಯ್ಕೆ

"ನಾವು ತಳಿಗಿಳಿ ಏನೂ ಮಾಡಲ್ಲ, ಕೋಳಿ ತಮ್ಮಷ್ಟಕ್ಕೆ ತಾವೇ ಬೆಳೀತವೆ" ಎನ್ನುವವರೇ ಹೆಚ್ಚು. ಇದು ನಿಜವಲ್ಲ. ಕೋಳಿ ಇರುವ ಪ್ರತಿ ಮನೆಯಲ್ಲೂ ಪ್ರತಿ ವರ್ಷವೂ ಆಯ್ಕೆ ನಡೆಯುತ್ತಲೇ ಇದೆ. ಆದರೆ ಅದು ತಲೆಕೆಳಗಾಗಿ ನಡೆಯುತ್ತಿದೆ.

ಹೇಗೆಂದು ನೋಡಿ. ನೆಂಟರು ಬಂದರು. ಯಾವ ಹುಂಜ ಸಾರಿಗೆ ಹೋಗುತ್ತದೆ? ಒಂದೇ ವಾರ ಒಡೆದ ಮರಿಗಳಲ್ಲಿ ಎಲ್ಲಕ್ಕಿಂತ ಬೇಗ ಮೈ ತುಂಬಿಕೊಂಡದ್ದು. ಮಾರಿ ಜಾತ್ರೆಗೆ, ಯುಗಾದಿಯ ಮರುದಿನದ ವರ್ಷತೊಡಕಿಗೆ ವ್ಯಾಪಾರಿ ಬಂದು ಯಾವುದನ್ನು ಕೇಳುತ್ತಾನೆ? ಎದೆ ಅಗಲವಾದದ್ದು, ಕಾಲು ಗಟ್ಟಿಯಾದದ್ದು. ಒಳ್ಳೆಯ ಬೆಲೆ ಸಿಕ್ಕಿತೆಂದು ಕೊಟ್ಟುಬಿಡುತ್ತೇವೆ. ಕೊನೆಗೆ ಹೇಂಟೆಗಳ ಜೊತೆ ಉಳಿಯುವುದು ಯಾರಿಗೂ ಬೇಡವಾದ, ಯಾವ ಹಬ್ಬಕ್ಕೂ ತೂಕ ಸಾಲದ ಒಂದು ಬಡಕಲು ಹುಂಜ. ಮುಂದಿನ ವರ್ಷದ ಎಲ್ಲ ಮರಿಗಳಿಗೂ ಅದೇ ತಂದೆ. ಹತ್ತು ವರ್ಷ ಹೀಗೆ ನಡೆದ ಮೇಲೆ "ನಮ್ಮ ನಾಟಿ ಕೋಳಿ ಮೊದಲಿನ ಹಾಗಿಲ್ಲ, ಮೈ ಹಿಡಿಯೋದಿಲ್ಲ" ಎಂದು ನಾವೇ ದೂರುತ್ತೇವೆ.

ಇಂಗ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ 1859ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಆಯ್ಕೆಯನ್ನು ಎರಡು ಬಗೆಯಾಗಿ ವಿಂಗಡಿಸಿದ್ದಾನೆ. ಗುರಿ ಇಟ್ಟುಕೊಂಡು ಮಾಡುವುದು ಒಂದು. ಅರಿವಿಲ್ಲದೆ, ತನಗೆ ಒಳ್ಳೆಯದೆನಿಸಿದ್ದನ್ನು ಉಳಿಸಿಕೊಳ್ಳುತ್ತ ಹೋಗುವುದರಿಂದ ಆಗುವುದು ಇನ್ನೊಂದು. ಇದನ್ನು ಅರಿಯಲು ಅವನು ಸ್ವತಃ ಬಗೆಬಗೆಯ ಪಾರಿವಾಳಗಳನ್ನು ಸಾಕಿದ್ದ. ನಮ್ಮಲ್ಲಿ ನಡೆಯುವುದೂ ಅರಿವಿಲ್ಲದ ಆಯ್ಕೆಯೇ, ಆದರೆ ಒಳ್ಳೆಯದು ಮನೆಯಿಂದ ಹೊರಗೆ ಹೋಗುತ್ತದೆ ಎಂಬುದಷ್ಟೇ ವ್ಯತ್ಯಾಸ.

ಆದ್ದರಿಂದ ತಳಿ ಆಯ್ಕೆಯ ಮೊದಲ ಹೆಜ್ಜೆಗೆ ಒಂದು ಪೈಸೆಯ ಖರ್ಚಿಲ್ಲ. ವ್ಯಾಪಾರಿ ಬರುವುದಕ್ಕೆ ಮೊದಲೇ ಮನೆಗೆ ಬೇಕಾದ ಹುಂಜಗಳನ್ನು ಗುರುತಿಸಿ ಕಾಲಿಗೆ ದಾರ ಕಟ್ಟಿಬಿಡಿ. ದಾರ ಕಟ್ಟಿದ್ದನ್ನು ಯಾವ ಬೆಲೆಗೂ ಕೊಡಕೂಡದು, ಯಾವ ನೆಂಟರಿಗೂ ಕೊಯ್ಯಕೂಡದು. ಹೇಳುವುದು ಸುಲಭ. ಅಳಿಯ ಬಂದ ದಿನ ಇದನ್ನು ಪಾಲಿಸುವುದು ಎಷ್ಟು ಕಷ್ಟವೆಂದು ನನಗೂ ಗೊತ್ತಿದೆ.

ಒಂದೇ ಹುಂಜದ ಅಪಾಯ

ಹಾಗಾದರೆ ಎಲ್ಲಕ್ಕಿಂತ ಒಳ್ಳೆಯ ಒಂದು ಹುಂಜವನ್ನು ಉಳಿಸಿಕೊಂಡರೆ ಸಾಕಲ್ಲವೇ ಎಂದು ಕೇಳಬಹುದು. ಸಾಲದು. ಈ ತಪ್ಪನ್ನು ನಾನೇ ಮಾಡಿದ್ದೇನೆ. ವಿನೋಬನಗರದ ನಮ್ಮ ಮನೆಯ ಹಿತ್ತಲಿನಲ್ಲಿ ಹತ್ತು ಹೇಂಟೆ, ಒಂದು ಕೆಂಪು ಹುಂಜ ಇಟ್ಟಿದ್ದೆ. ಹುಂಜ ನೋಡಲು ಬಹಳ ಚೆನ್ನಾಗಿತ್ತು. ದಾರಿಯಲ್ಲಿ ಹೋಗುವವರು ನಿಂತು ಬೆಲೆ ಕೇಳುತ್ತಿದ್ದರು. ಮೂರು ವರ್ಷ ಅದರ ಮಗ, ಆಮೇಲೆ ಮೊಮ್ಮಗ, ಹೀಗೆ ಮನೆಯ ಹುಂಜವನ್ನೇ ಮುಂದುವರಿಸಿದೆ. ಮೊದಲ ವರ್ಷ ಹನ್ನೆರಡು ಮೊಟ್ಟೆ ಇಟ್ಟರೆ ಹತ್ತು ಮರಿ ಒಡೆಯುತ್ತಿದ್ದವು. ನಾಲ್ಕನೆಯ ವರ್ಷ ಆರು, ಏಳು ಬಂದರೆ ಹೆಚ್ಚು. ಮೊಟ್ಟೆ ಒಡೆದು ನೋಡಿದರೆ ಮರಿ ಬೆಳೆದು ಒಳಗೇ ಸತ್ತಿರುತ್ತಿತ್ತು. ಸೆಕೆಗೆ ಹೀಗಾಯಿತು, ಗುಡುಗಿಗೆ ಹೀಗಾಯಿತು ಎಂದು ಮನೆಯಲ್ಲಿ ಮಾತಾಡಿಕೊಂಡೆವು. ಕಾರಣ ಗುಡುಗಲ್ಲ. ಅಪ್ಪ-ಮಗಳು, ಅಣ್ಣ-ತಂಗಿ ಕೂಡಿಕೆ ಅದರ ಕಾರಣ.

ಪ್ರತಿಯೊಂದು ಪ್ರಾಣಿಯಲ್ಲೂ ಹೊರಗೆ ಕಾಣದ ಕೆಲವು ಕೆಟ್ಟ ಗುಣಗಳು ಅಡಗಿರುತ್ತವೆ. ಗುಣದ ಒಂದು ಪಾಲು ತಂದೆಯಿಂದ, ಒಂದು ಪಾಲು ತಾಯಿಯಿಂದ ಬರುತ್ತದೆ. ಎರಡೂ ಪಾಲು ಕೆಟ್ಟದ್ದೇ ಆದಾಗ ಮಾತ್ರ ಅಂಥ ಗುಣ ಹೊರಗೆ ಬೀಳುತ್ತದೆ. ಸಂಬಂಧವಿಲ್ಲದ ಹುಂಜ-ಹೇಂಟೆಗಳಲ್ಲಿ ಒಂದೇ ಕೆಟ್ಟ ಗುಣ ಅಡಗಿರುವುದು ಅಪರೂಪ. ಒಂದೇ ತಂದೆತಾಯಿಯ ಮಕ್ಕಳಲ್ಲಿ ಅದು ಅಪರೂಪವಲ್ಲ. ಇದಕ್ಕೆ ವಿಜ್ಞಾನಿಗಳು ಒಳಸಂವರ್ಧನೆ ಎನ್ನುತ್ತಾರೆ. ಒಡಹುಟ್ಟಿದ ಎರಡನ್ನು ಕೂಡಿಸಿದರೆ ಮರಿಯಲ್ಲಿ ಅದರ ಪ್ರಮಾಣ ನೂರಕ್ಕೆ 25. ತಂದೆ ಒಂದೇ ಆಗಿ ತಾಯಿ ಬೇರೆಯಾದರೆ ನೂರಕ್ಕೆ ಹನ್ನೆರಡೂವರೆ.

ಇಡೀ ಹಿಂಡಿಗೂ ಒಂದು ಲೆಕ್ಕವಿದೆ. ಹುಂಜಗಳ ಸಂಖ್ಯೆಯನ್ನು ಎಂಟರಿಂದ ಗುಣಿಸಿ, ಬಂದದ್ದರಿಂದ ಒಂದನ್ನು ಭಾಗಿಸಿ. ಹೇಂಟೆಗಳಿಗೂ ಹಾಗೆಯೇ ಮಾಡಿ. ಎರಡನ್ನೂ ಕೂಡಿದರೆ ಒಂದು ಪೀಳಿಗೆಯಲ್ಲಿ ಒಳಸಂವರ್ಧನೆ ಎಷ್ಟು ಏರುತ್ತದೆಂದು ಸುಮಾರಾಗಿ ಸಿಗುತ್ತದೆ. ಒಂದು ಹುಂಜ, ಹತ್ತು ಹೇಂಟೆ ಇದ್ದರೆ ನೂರಕ್ಕೆ ಸುಮಾರು ಹದಿನಾಲ್ಕು. ನಾಲ್ಕು ಹುಂಜ, ಇಪ್ಪತ್ತು ಹೇಂಟೆ ಇದ್ದರೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಗಮನಿಸಿ: ಹೇಂಟೆಗಳನ್ನು ಹತ್ತರಿಂದ ಐವತ್ತಕ್ಕೆ ಏರಿಸಿದರೂ ಹುಂಜ ಒಂದೇ ಆದರೆ ಲೆಕ್ಕ ಹೆಚ್ಚು ಇಳಿಯುವುದಿಲ್ಲ. ಕೊರತೆ ಇರುವುದು ಹುಂಜದ ಕಡೆ.

ನಾಲ್ಕು ಮನೆಯ ಸುತ್ತು

ನಾಲ್ಕು ಹುಂಜ ಸಾಕುವುದು ಒಂದು ಮನೆಗೆ ಆಗುವ ಕೆಲಸವಲ್ಲ. ಅವು ಕಾದಾಡಿ ರಕ್ತ ಮಾಡಿಕೊಳ್ಳುತ್ತವೆ, ಜೋಳ ತಿನ್ನುತ್ತವೆ, ಮೊಟ್ಟೆ ಕೊಡುವುದಿಲ್ಲ. ಇದಕ್ಕೆ ನಾಲ್ಕು ಮನೆಯವರು ಸೇರಿಕೊಳ್ಳುವುದೇ ಉಪಾಯ.

ಒಂದೊಂದು ಮನೆಯಲ್ಲಿ ಹತ್ತು ಹೇಂಟೆ, ಎರಡು ಹುಂಜ ಇರಲಿ. ಹೇಂಟೆ ಎಂದೂ ಮನೆ ಬಿಡಬಾರದು. ಪ್ರತಿ ವರ್ಷ ಆರಿಸಿದ ಎಳೆಯ ಹುಂಜಗಳು ಮಾತ್ರ ಮುಂದಿನ ಮನೆಗೆ ಹೋಗಲಿ: ಮೊದಲನೆಯ ಮನೆಯದು ಎರಡನೆಯದಕ್ಕೆ, ಎರಡನೆಯದರದು ಮೂರನೆಯದಕ್ಕೆ, ಮೂರನೆಯದರದು ನಾಲ್ಕನೆಯದಕ್ಕೆ, ನಾಲ್ಕನೆಯದರದು ಮೊದಲನೆಯದಕ್ಕೆ. ದಿಕ್ಕು ಎಂದೂ ಬದಲಾಗಬಾರದು. ಈಗ ಲೆಕ್ಕ ಹಾಕಿ: ಎಂಟು ಹುಂಜ, ನಲವತ್ತು ಹೇಂಟೆ. ಒಳಸಂವರ್ಧನೆ ಪೀಳಿಗೆಗೆ ನೂರಕ್ಕೆ ಎರಡಕ್ಕಿಂತ ಕಡಿಮೆ. ಒಂದು ಮನೆಯವರಿಂದ ಆಗದ್ದು ಒಂದು ಕೇರಿಯಿಂದ ಸುಲಭವಾಗಿ ಆಗುತ್ತದೆ. ಹಣದ ವ್ಯವಹಾರವೂ ಇಲ್ಲ, ಏಕೆಂದರೆ ಪ್ರತಿ ಮನೆಯೂ ಎರಡು ಕೊಟ್ಟು ಎರಡು ಪಡೆಯುತ್ತದೆ.

ಇಲ್ಲಿ ಒಂದು ಕಿವಿಮಾತು. ಕೊಡುವಾಗ ಎರಡನೆಯ ದರ್ಜೆಯದನ್ನು ಕೊಟ್ಟು ಮೊದಲ ದರ್ಜೆಯದನ್ನು ಮನೆಯಲ್ಲಿ ಇಟ್ಟುಕೊಳ್ಳುವ ಆಸೆ ಸಹಜ. ಹಾಗೆ ಮಾಡಿದವರ ಮನೆಗೂ ಹಿಂದಿನ ಮನೆಯಿಂದ ಅಂಥದ್ದೇ ಬರುತ್ತದೆ. ಆದ್ದರಿಂದ ಹುಂಜ ಆರಿಸುವ ದಿನ ನಾಲ್ಕೂ ಮನೆಯವರು ಒಟ್ಟಿಗೆ ನಿಂತು ತೂಗಿ ನೋಡುವುದು ಒಳ್ಳೆಯದು. ಹೊಸ ಹುಂಜ ಬಂದ ಮೇಲೆ ಎರಡು ವಾರ ಬೇರೆ ಕುಕ್ಕೆಯಲ್ಲಿಟ್ಟು ರೋಗವಿಲ್ಲವೆಂದು ಖಚಿತಪಡಿಸಿಕೊಳ್ಳಿ. ಹಳೆಯ ಹುಂಜವನ್ನು ತೆಗೆದ ಕೂಡಲೇ ಮರಿಗೆಂದು ಮೊಟ್ಟೆ ಕೂಡಿಡಬೇಡಿ. ಒಮ್ಮೆ ಕೂಡಿದ ಹುಂಜದ ಬೀಜ ಹೇಂಟೆಯ ಒಡಲಿನಲ್ಲಿ ಎರಡು ಮೂರು ವಾರ ಜೀವಂತವಾಗಿರುತ್ತದೆ. ಮೂರು ವಾರದ ಮೊಟ್ಟೆ ಮನೆಯ ಅಡಿಗೆಗೆ ಹೋಗಲಿ. ಆಮೇಲಿನವು ಹೊಸ ಹುಂಜದವು.

ಸಂತೆಯಲ್ಲಿ ಕಂಡ ಚೆಂದದ ಹುಂಜವನ್ನು ತಂದು ಹಿಂಡಿಗೆ ಬಿಡುವುದನ್ನು ನಾನು ಒಪ್ಪುವುದಿಲ್ಲ. ಅದರ ತಾಯಿ ಎಂಥದೆಂದು ಗೊತ್ತಿಲ್ಲ, ಜೊತೆಗೆ ಅದು ಯಾವ ರೋಗ ಹೊತ್ತು ಬಂದಿದೆಯೋ ತಿಳಿಯದು.

ಹೇಂಟೆಯನ್ನು ಯಾವುದರಿಂದ ಅಳೆಯಬೇಕು?

ಪಟ್ಟಣದ ಫಾರಂ ಕೋಳಿಯನ್ನು ಮೊಟ್ಟೆಯ ಲೆಕ್ಕದಿಂದ ಅಳೆಯುತ್ತಾರೆ. ನಮ್ಮ ಹಿತ್ತಲಿನ ಹೇಂಟೆಗೆ ಆ ಅಳತೆ ಸರಿಯಲ್ಲ. ನಾಟಿ ಹೇಂಟೆ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಇಡುತ್ತದೆ. ಆದರೆ ಅದು ತಾನೇ ಕಾವು ಕೂರುತ್ತದೆ, ಇಪ್ಪತ್ತೊಂದು ದಿನ ಗೂಡು ಬಿಡುವುದಿಲ್ಲ, ಮರಿಗಳನ್ನು ಕರೆದುಕೊಂಡು ಹೋಗಿ ಗೆದ್ದಲು ಕೆದಕಿ ತಿನ್ನಿಸುತ್ತದೆ, ಆಕಾಶದಲ್ಲಿ ಹದ್ದು ಸುಳಿದರೆ ಕೂಗಿ ರೆಕ್ಕೆಯೊಳಗೆ ಸೇರಿಸಿಕೊಳ್ಳುತ್ತದೆ. ವಿದ್ಯುತ್ ಬೇಡದ, ಕಾವಲುಗಾರ ಬೇಡದ ಯಂತ್ರ ಅದು.

ಆದ್ದರಿಂದ ಅದರ ನಿಜವಾದ ಫಸಲೆಂದರೆ ಎಂಟು ವಾರ ದಾಟಿಸಿದ ಮರಿಗಳ ಸಂಖ್ಯೆ. ಹದಿನಾಲ್ಕು ಮೊಟ್ಟೆ ಇಟ್ಟು, ಹನ್ನೆರಡು ಮರಿ ಮಾಡಿ, ಹದ್ದಿಗೂ ಕೀರಕ್ಕೂ ಕೊಟ್ಟು ಮೂರು ಉಳಿಸಿಕೊಂಡ ಹೇಂಟೆಗಿಂತ, ಹತ್ತು ಮೊಟ್ಟೆಯಲ್ಲಿ ಎಂಟು ಮರಿ ಮಾಡಿ ಏಳನ್ನು ದೊಡ್ಡದು ಮಾಡಿದ ಹೇಂಟೆ ಎಷ್ಟೋ ಮೇಲು. ಹುಂಜವನ್ನು ಆರಿಸುವುದೂ ಇಂಥ ತಾಯಿಯ ಮಕ್ಕಳಿಂದಲೇ ಆಗಬೇಕು. ಹುಂಜ ಮೊಟ್ಟೆ ಇಡುವುದಿಲ್ಲ, ಕಾವು ಕೂರುವುದಿಲ್ಲ, ನಿಜ. ಆದರೆ ಆ ಗುಣಗಳ ಅರ್ಧ ಪಾಲು ಅದರ ಮೂಲಕವೇ ಹೆಣ್ಣುಮಕ್ಕಳಿಗೆ ಹೋಗುತ್ತದೆ. ಬಿಳಿ ಲೆಗ್‌ಹಾರ್ನ್ ತಳಿಯನ್ನು ಮೊಟ್ಟೆಗಾಗಿಯೇ ಆರಿಸುತ್ತ ಆರಿಸುತ್ತ ಕಾವು ಕೂರುವ ಗುಣವೇ ಬಹುತೇಕ ಇಲ್ಲವಾಯಿತು. ಮೊಟ್ಟೆ ಕೊಡುವ ಕಾರ್ಖಾನೆಗೆ ಅದು ಸರಿ. ಬಡವರ ಹಿತ್ತಲಿಗೆ ಅದು ನಷ್ಟ.

ಈ ಮಾತು ಬರೆಯುವಾಗ ನನಗೊಂದು ಸಂಕೋಚ. ವಾಚನಾಲಯದಲ್ಲಿ ಈ ಪುಟ ಓದುವವರು ಹೆಚ್ಚಾಗಿ ಗಂಡಸರು. ಯಾವ ಹೇಂಟೆ ಎಲ್ಲಿ ಮೊಟ್ಟೆ ಇಡುತ್ತದೆ, ಯಾವುದು ಕಳ್ಳ ಹೇಂಟೆ, ಯಾವುದು ಮೊಟ್ಟೆ ಕುಕ್ಕಿ ಕುಡಿಯುತ್ತದೆ ಎಂಬುದನ್ನು ಬಲ್ಲವರು ಮನೆಯ ಹೆಂಗಸರು. ಕೋಳಿಕಾಸು ಅವರ ಕೈಯ ಕಾಸು. ದಯವಿಟ್ಟು ಇದನ್ನು ಮನೆಗೆ ಹೋಗಿ ಅವರಿಗೆ ಓದಿ ಹೇಳಿ. ಯಾವ ಹುಂಜಕ್ಕೆ ದಾರ ಕಟ್ಟಬೇಕೆಂಬುದನ್ನು ಅವರೇ ನಿರ್ಧರಿಸಲಿ.

ಗುರುತು ಮತ್ತು ಪುಸ್ತಕ

ಮೊದಲ ವರ್ಷ ಏನನ್ನೂ ಆರಿಸಬೇಡಿ. ಗುರುತು ಮಾಡಿ, ಬರೆದಿಡಿ, ಅಷ್ಟೆ. ಯಾವ ಮರಿ ಯಾವ ತಾಯಿಯದೆಂದು ತಿಳಿಯದಿದ್ದರೆ ಮುಂದಿನ ಎಲ್ಲ ಕೆಲಸವೂ ಊಹೆಯ ಮೇಲೆ ನಿಲ್ಲುತ್ತದೆ.

ಕೋಳಿಯ ಒಂದೊಂದು ಪಾದದಲ್ಲಿ ಮುಂದಿನ ಮೂರು ಬೆರಳುಗಳ ನಡುವೆ ಎರಡು ತೆಳುಚರ್ಮಗಳಿವೆ. ಎರಡು ಪಾದಕ್ಕೆ ನಾಲ್ಕು. ಮರಿ ಒಡೆದ ಮರುದಿನ ಇವುಗಳಲ್ಲಿ ಸಣ್ಣ ತೂತು ಮಾಡಿದರೆ ಆ ಗುರುತು ಜೀವನಪರ್ಯಂತ ಉಳಿಯುತ್ತದೆ. ಎಲ್ಲಿ ತೂತು ಇದೆ, ಎಲ್ಲಿ ಇಲ್ಲ ಎಂಬುದರಿಂದ ಹದಿನಾರು ಬೇರೆ ಬೇರೆ ಗುರುತು ಮಾಡಬಹುದು. ಅಂದರೆ ಹದಿನಾರು ತಾಯಂದಿರ ಮರಿಗಳನ್ನು ಬೇರೆ ಮಾಡಬಹುದು. ಹತ್ತು ಹೇಂಟೆಯ ಮನೆಗೆ ಇದು ಧಾರಾಳವಾಯಿತು. ಇದನ್ನು ಬಲ್ಲವರಿಂದ ಒಮ್ಮೆ ನೋಡಿ ಕಲಿಯಬೇಕು. ಬೇಡವೆನಿಸಿದರೆ ಕಾಲಿಗೆ ಬಣ್ಣದ ಪ್ಲಾಸ್ಟಿಕ್ ಉಂಗುರ ಹಾಕಿ, ಆದರೆ ಮರಿ ಬೆಳೆದಂತೆ ಬದಲಾಯಿಸಲು ಮರೆಯಬೇಡಿ. ಬಿಗಿಯಾದ ಉಂಗುರ ಕಾಲನ್ನೇ ಕತ್ತರಿಸುತ್ತದೆ.

ಮಕ್ಕಳು ಬರೆದು ಉಳಿದ ನೋಟುಪುಸ್ತಕ ಸಾಕು. ತಾಯಿಯ ಗುರುತು, ಕಾವಿಗೆ ಇಟ್ಟ ಮೊಟ್ಟೆ, ಒಡೆದ ಮರಿ, ಎಂಟು ವಾರಕ್ಕೆ ಉಳಿದ ಮರಿ, ಹನ್ನೆರಡು ವಾರದ ತೂಕ, ಇಷ್ಟು ಬರೆಯಿರಿ. ಕಾವಿಗೆ ಇಡುವ ಮೊಟ್ಟೆ ಒಂದು ವಾರಕ್ಕಿಂತ ಹಳೆಯದಾಗಿರಬಾರದು. ಚೂಪು ತುದಿ ಕೆಳಗಾಗಿ ತಂಪಾದ ಜಾಗದಲ್ಲಿ ಇಟ್ಟಿರಬೇಕು. ಏಳನೆಯ ದಿನ ಕತ್ತಲಲ್ಲಿ ಬ್ಯಾಟರಿ ಬಿಟ್ಟು ನೋಡಿದರೆ ರಕ್ತನಾಳ ಮೂಡಿದ್ದು, ಬರಿದಾಗಿ ಉಳಿದದ್ದು ಸ್ಪಷ್ಟವಾಗಿ ಕಾಣುತ್ತದೆ. ಬರಿದಾದವು ಹೆಚ್ಚಿದ್ದರೆ ದೋಷ ಹುಂಜದಲ್ಲಿರಬಹುದು. ಬೆಳೆದು ಸತ್ತವು ಹೆಚ್ಚಿದ್ದರೆ ಹತ್ತಿರದ ರಕ್ತದ ಕೂಡಿಕೆಯನ್ನು, ಕಾವಿನ ಏರುಪೇರನ್ನು ಶಂಕಿಸಿ.

ಹೋಲಿಸುವಾಗ ಒಂದು ನಿಯಮವನ್ನು ಬಿಡಬಾರದು. ಒಂದೇ ವಾರ ಒಡೆದ ಮರಿಗಳನ್ನು ಮಾತ್ರ ಒಂದರೊಡನೊಂದು ತೂಗಿ ನೋಡಬೇಕು. ನಮ್ಮ ಮಲೆನಾಡಿನ ಆಷಾಢದ ಮಳೆಯಲ್ಲಿ ಒಡೆದ ಮರಿ ನೆನೆದು, ನಡುಗಿ, ಅರ್ಧ ಬೆಳೆದಿರುತ್ತದೆ. ದೀಪಾವಳಿ ಕಳೆದು ಒಡೆದ ಮರಿಗೆ ಬಿಸಿಲೂ ಉಂಟು, ಗದ್ದೆಯಲ್ಲಿ ಉದುರಿದ ಕಾಳೂ ಉಂಟು. ಎರಡನ್ನೂ ತಕ್ಕಡಿಗೆ ಹಾಕಿ ಇದು ಒಳ್ಳೆಯ ತಳಿ, ಅದು ಕೆಟ್ಟ ತಳಿ ಎಂದರೆ ನಾವು ಆರಿಸಿದ್ದು ತಳಿಯನ್ನಲ್ಲ, ಋತುಮಾನವನ್ನು.

ಎಷ್ಟು ಬೇಗ ಫಲ ಕಾಣಬಹುದು?

ಆರಿಸಿದ ಗುಣವೆಲ್ಲ ಮಕ್ಕಳಿಗೆ ಬರುವುದಿಲ್ಲ. ಕೋಳಿಗಳ ನಡುವಿನ ವ್ಯತ್ಯಾಸದಲ್ಲಿ ಒಂದು ಪಾಲು ಮಾತ್ರ ಹುಟ್ಟಿನಿಂದ ಬಂದದ್ದು. ಮಿಕ್ಕದ್ದು ಮೇವು, ಮಳೆ, ರೋಗ, ಅದೃಷ್ಟ. ಮೈತೂಕದಲ್ಲಿ ಹುಟ್ಟಿನ ಪಾಲು ಸುಮಾರು ಹತ್ತರಲ್ಲಿ ನಾಲ್ಕು. ಮೊಟ್ಟೆಯ ಸಂಖ್ಯೆಯಲ್ಲಿ ಹತ್ತರಲ್ಲಿ ಒಂದೋ ಎರಡೋ.

ಉದಾಹರಣೆಗೆ ನಿಮ್ಮ ಮರಿಗಳ ಹನ್ನೆರಡು ವಾರದ ಸರಾಸರಿ ತೂಕ 600 ಗ್ರಾಂ ಎನ್ನಿ. ನೀವು ಆರಿಸಿದ ಹುಂಜ-ಹೇಂಟೆಗಳ ಸರಾಸರಿ 750 ಗ್ರಾಂ. ವ್ಯತ್ಯಾಸ 150. ಅದರಲ್ಲಿ ಹತ್ತಕ್ಕೆ ನಾಲ್ಕು ಪಾಲು, ಅಂದರೆ 60 ಗ್ರಾಂ ಮುಂದಿನ ಪೀಳಿಗೆಯ ಸರಾಸರಿಗೆ ಸೇರುತ್ತದೆ. ಕಡಿಮೆಯೆನಿಸಬಹುದು, ಆದರೆ ಅದು ಪ್ರತಿ ಮರಿಯಲ್ಲೂ ಸೇರುತ್ತದೆ, ಮುಂದಿನ ವರ್ಷ ಅದರ ಮೇಲೆ ಇನ್ನಷ್ಟು ಸೇರುತ್ತದೆ. ಮೊಟ್ಟೆಯ ಲೆಕ್ಕ ನೋಡಿ. ಐವತ್ತು ಇಡುವ ಹಿಂಡಿನಲ್ಲಿ ಅರವತ್ತೈದು ಇಡುವ ಹೇಂಟೆಗಳನ್ನು ಮಾತ್ರ ಆರಿಸಿ, ಹುಂಜವನ್ನು ಹೇಗೋ ಬಿಟ್ಟರೆ, ಒಂದು ಪೀಳಿಗೆಯಲ್ಲಿ ಹೆಚ್ಚುವುದು ಒಂದೂವರೆ ಮೊಟ್ಟೆ. ಮೊಟ್ಟೆ ಹೆಚ್ಚಬೇಕಾದರೆ ತಳಿ ಆಯ್ಕೆಗಿಂತ ಮೊದಲು ಹಿಡಿ ಕಾಳು, ಸುಣ್ಣದ ಅಂಶ, ಬೆಚ್ಚನೆಯ ಒಡ್ಡಿ ಇವುಗಳ ಕಡೆ ಗಮನ ಕೊಡುವುದೇ ಲಾಭ.

ಎಲ್ಲ ಗುಣವೂ ಒಂದೇ ಕೋಳಿಯಲ್ಲಿ ಬೇಕೆನ್ನುವುದು ಇನ್ನೊಂದು ತಪ್ಪು. ಐದರಲ್ಲಿ ಒಂದು ತೂಕದಲ್ಲಿ ಮುಂದು, ಐದರಲ್ಲಿ ಒಂದು ತಾಯ್ತನದಲ್ಲಿ ಮುಂದು, ಐದರಲ್ಲಿ ಒಂದು ಬಣ್ಣದಲ್ಲಿ ಚೆಂದ ಎನ್ನೋಣ. ಮೂರೂ ಇರುವುದು ಬೇಕೆಂದರೆ ಐದೈದಲಿ ಇಪ್ಪತ್ತೈದು, ಇಪ್ಪತ್ತೈದೈದಲಿ ನೂರಿಪ್ಪತ್ತೈದು ಕೋಳಿಗೆ ಒಂದು ಸಿಕ್ಕೀತು. ಅಷ್ಟು ಕೋಳಿ ಯಾರ ಮನೆಯಲ್ಲಿದೆ? ಎರಡು ಗುಣ ಸಾಕು. ನನ್ನನ್ನು ಕೇಳಿದರೆ ಮರಿ ಉಳಿಸುವ ಗುಣ ಮೊದಲು, ಹನ್ನೆರಡು ವಾರದ ತೂಕ ಎರಡನೆಯದು. ತೂಕವನ್ನೂ ಅತಿ ಮಾಡಬಾರದು. ತೀರ ಭಾರದ ಹೇಂಟೆ ಕಾವಿನಲ್ಲಿ ಮೊಟ್ಟೆ ತುಳಿದು ಒಡೆಯುತ್ತದೆ, ನಾಯಿ ಬಂದಾಗ ಹಾರಿ ಮರ ಹತ್ತಲಾರದು.

ಬಣ್ಣದ ಮೋಹ

ಹರಕೆಗೆ ಇಂಥದೇ ಬಣ್ಣದ ಹುಂಜ ಬೇಕೆಂದು ಕೇಳುವವರಿದ್ದಾರೆ. ಅದಕ್ಕೆ ಬೆಲೆಯೂ ಹೆಚ್ಚು. ಬಣ್ಣವನ್ನು ತಳಿಯಲ್ಲಿ ನಿಲ್ಲಿಸುವುದು ತೂಕಕ್ಕಿಂತ ಬಹಳ ಸುಲಭ. ಒಂದೆರಡು ಅಂಶಗಳಿಂದ ನಡೆಯುವ ಗುಣಗಳು ಲೆಕ್ಕದ ಹಾಗೆ ಬರುತ್ತವೆ. ಮೆಂಡಲ್ ಬಟಾಣಿಯಲ್ಲಿ ಕಂಡು 1866ರಲ್ಲಿ ಪ್ರಕಟಿಸಿದ ನಿಯಮ ಪ್ರಾಣಿಗಳಿಗೂ ಸಲ್ಲುತ್ತದೆಂದು 1902ರಲ್ಲಿ ಬೇಟ್ಸನ್ ತೋರಿಸಿದ್ದು ಕೋಳಿಯ ಜುಟ್ಟಿನಲ್ಲಿಯೇ. ನಮ್ಮ ಬೋಳು ಕುತ್ತಿಗೆಯ ಕೋಳಿಯಲ್ಲೂ ಇದನ್ನು ನೋಡಬಹುದು. ಕುತ್ತಿಗೆಯ ಮುಂಭಾಗದಲ್ಲಿ ಒಂದು ಗೊಂಚಲು ಗರಿ ಉಳಿದಿದ್ದರೆ ಆ ಗುಣ ತಂದೆತಾಯಿಯರಲ್ಲಿ ಒಬ್ಬರಿಂದ ಮಾತ್ರ ಬಂದಿದೆ. ಬಹುತೇಕ ಪೂರಾ ಬೋಳಾಗಿದ್ದರೆ ಇಬ್ಬರಿಂದಲೂ ಬಂದಿದೆ. ಗೊಂಚಲಿರುವ ಎರಡನ್ನು ಕೂಡಿಸಿದರೆ ನಾಲ್ಕರಲ್ಲಿ ಒಂದು ಮರಿ ಮಾಮೂಲು ಗರಿಯದು ಹುಟ್ಟುತ್ತದೆ. ಹುಟ್ಟಿದಾಗ "ಬೇರೆ ಹುಂಜ ಬಂದಿತ್ತು" ಎಂದು ನೆರೆಮನೆಯವರ ಮೇಲೆ ಗುಮಾನಿ ಪಡಬೇಕಾಗಿಲ್ಲ.

ಸುಲಭವಾದದ್ದರಲ್ಲೇ ಮೋಸವೂ ಇದೆ. ಕೆಲವು ಕೋಳಿಗಳಲ್ಲಿ ನೆಲಕ್ಕೆ ತಾಗುವಂಥ ಗಿಡ್ಡ ಕಾಲಿನ ಗುಣವಿದೆ. ನೋಡಲು ವಿಚಿತ್ರವೆಂದು ಅಂಥ ಎರಡನ್ನು ಕೂಡಿಸಿದರೆ ನಾಲ್ಕರಲ್ಲಿ ಒಂದು ಮರಿ ಮೊಟ್ಟೆಯಲ್ಲಿಯೇ ಸಾಯುತ್ತದೆ. ಆ ಕಾಲೇಜು ಹುಡುಗ ತೋರಿಸಿದ ಹಲ್ಲಿಯ ಕಥೆಯೂ ಇಂಥದೇ. ಅದರಲ್ಲಿ ನಿಂಬೆ ಬಣ್ಣದ, ಲೆಮನ್ ಫ್ರಾಸ್ಟ್ ಎಂಬ ಒಂದು ಬಗೆ ಹುಟ್ಟಿತು. ಬಣ್ಣ ಅಪೂರ್ವವೆಂದು ಸಾಕುವವರು ದುಬಾರಿ ಬೆಲೆ ಕೊಟ್ಟು ಕೊಂಡು ಮರಿ ಮಾಡಿದರು. ಕೆಲವು ವರ್ಷಗಳಲ್ಲಿ ಅವುಗಳ ಪೈಕಿ ಬಹುಪಾಲಿಗೆ ಚರ್ಮದಲ್ಲಿ ಗೆಡ್ಡೆಗಳು ಎದ್ದವು. ಬಣ್ಣವೂ ಗೆಡ್ಡೆಯೂ ಅನುವಂಶದ ಒಂದೇ ಜಾಗಕ್ಕೆ ಸೇರಿದ್ದೆಂದು ಅಮೆರಿಕದ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದರು. ಮರಿ ಆರೋಗ್ಯವಾಗಿ ಬೆಳೆದು ಮರಿ ಹಾಕುವವರೆಗೆ ಕಾದು ನೋಡದೆ ಬಣ್ಣದ ಹಿಂದೆ ಓಡಿದ್ದರ ಫಲ ಅದು. ಈ ಭಾಗವನ್ನು ಆ ಹುಡುಗನಿಗಾಗಿಯೇ ಬರೆದಿದ್ದೇನೆ.

ಬಣ್ಣದ ಮಾತು ಬಂದದ್ದರಿಂದ ಇನ್ನೊಂದು ಸ್ವಾರಸ್ಯ. ಸಾಕು ಕೋಳಿಯ ಮುಖ್ಯ ಮೂಲ ಕೆಂಪು ಕಾಡುಕೋಳಿ. ನಮ್ಮ ಪಶ್ಚಿಮಘಟ್ಟದಲ್ಲಿ ಬೆಳಗಿನ ಜಾವ ಕೂಗುವುದು ಅದಲ್ಲ, ಬೂದು ಕಾಡುಕೋಳಿ. ಆದರೆ ಸಾಕು ಕೋಳಿಯ ಕಾಲಿನ ಹಳದಿ ಬಣ್ಣ ಈ ಬೂದು ಕಾಡುಕೋಳಿಯಿಂದ ಬಂದದ್ದೆಂದು 2008ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ. ಎಂದೋ ಒಂದು ಕಾಲದಲ್ಲಿ ಎರಡೂ ಕೂಡಿದ್ದವು. ಹಾಗೆಂದು ಈಗ ಕಾಡುಹುಂಜ ಹಿಡಿದು ತಂದು ತಳಿ ಮಾಡುವ ಸಾಹಸ ಬೇಡ. ಅದು ಅಪರಾಧ, ಹುಟ್ಟಿದ ಮರಿಗಳೂ ಮನೆಗೆ ನಿಲ್ಲುವುದಿಲ್ಲ. ಹುಂಜದ ಕಾಳಗಕ್ಕಾಗಿ ತಳಿ ಮಾಡುವವರಿಗೂ ಈ ಲೇಖನದಲ್ಲಿ ಸಲಹೆಯಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದನ್ನು ನಿಷೇಧಿಸಿದೆ.

ಗಿರಿರಾಜದ ಮೊಟ್ಟೆ ಕಾವಿಗೆ ಬೇಡ

ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ, 2005ರಲ್ಲಿ ಬಂದ ಸ್ವರ್ಣಧಾರ ಇವು ಹಿತ್ತಲಿಗೆ ಒಪ್ಪುವ ಒಳ್ಳೆಯ ಕೋಳಿಗಳು. ಆದರೆ ಅವು ಬೇರೆ ಬೇರೆ ತಳಿಗಳನ್ನು ಕೂಡಿಸಿ ಪಡೆದ ಮಿಶ್ರತಳಿಗಳು. ಅವುಗಳ ಮೊಟ್ಟೆಯನ್ನೇ ನಾಟಿ ಹೇಂಟೆಯಡಿ ಇಟ್ಟು ಮರಿ ಮಾಡಿದವರು "ತಾಯಿಯ ಹಾಗೆ ಬರಲಿಲ್ಲ" ಎಂದು ನನ್ನ ಬಳಿ ಹೇಳಿದ್ದಾರೆ. ಬರುವುದಿಲ್ಲ. ಮಿಶ್ರತಳಿ ಮೆಕ್ಕೆಜೋಳದ ಕಾಳನ್ನು ಮರುವರ್ಷ ಬಿತ್ತಿದರೆ ಏನಾಗುತ್ತದೋ ಅದೇ ಇಲ್ಲಿಯೂ ಆಗುತ್ತದೆ. ಅವು ಬೇಕಾದರೆ ಪ್ರತಿ ಸಲ ಹೊಸ ಮರಿ ತರಬೇಕು. ಮನೆಯಲ್ಲೇ ತಳಿ ಬೆಳೆಸುವ ಹಿಂಡನ್ನು ಅವುಗಳಿಂದ ಬೇರೆಯಾಗಿ ಇಡಿ. ಎರಡೂ ಒಟ್ಟಿಗೆ ಮೇಯ್ದರೆ ನೋಟುಪುಸ್ತಕ ಬರೆದೂ ಪ್ರಯೋಜನವಿಲ್ಲ.

ಕೊಕ್ಕರೆ ರೋಗ

ಕೊಕ್ಕರೆ ರೋಗ ಬಂದರೆ ನಾಲ್ಕು ವರ್ಷದ ಆಯ್ಕೆ ನಾಲ್ಕು ದಿನದಲ್ಲಿ ಮಣ್ಣು ಸೇರುತ್ತದೆ. ಉತ್ತರದ ಬೆಟ್ಟದ ಊರಾದ ರಾಣಿಕೇತದಲ್ಲಿ 1920ರ ದಶಕದಲ್ಲಿ ಗುರುತಿಸಿದ್ದರಿಂದ ಇದಕ್ಕೆ ರಾಣಿಕೇತ ರೋಗ ಎಂಬ ಹೆಸರೂ ಇದೆ. "ನಾಟಿ ಕೋಳಿ ಗಟ್ಟಿ, ಅದಕ್ಕೆ ಲಸಿಕೆ ಯಾಕೆ? ಬದುಕಿದ್ದೇ ಒಳ್ಳೆ ತಳಿ" ಎನ್ನುವವರಿದ್ದಾರೆ. ಈ ರೋಗದ ಎದುರು ಆ ವಾದ ನಿಲ್ಲುವುದಿಲ್ಲ. ಇಡೀ ಕೇರಿಯ ಕೋಳಿ ಸತ್ತು ಒಂದೆರಡು ಉಳಿದರೆ, ಅವು ಗಟ್ಟಿಯೆಂದೇ ಉಳಿದವೆಂದು ಹೇಳಲಾಗದು. ಆ ದಿನ ಬೇರೆ ಕಡೆ ಮೇಯುತ್ತಿದ್ದುದೂ ಕಾರಣವಾಗಿರಬಹುದು. ಮೇಲಾಗಿ ಆ ಒಂದೆರಡರಿಂದ ಹಿಂಡು ಮತ್ತೆ ಬೆಳೆದರೆ ಒಳಸಂವರ್ಧನೆಯ ಲೆಕ್ಕ ಎಲ್ಲಿಗೆ ಹೋಗುತ್ತದೆಂದು ಈಗಾಗಲೇ ನೋಡಿದ್ದೇವೆ.

ಮರಿಗೆ ಒಂದು ವಾರ ತುಂಬುವುದರೊಳಗೆ ಕಣ್ಣಿಗೋ ಮೂಗಿಗೋ ಹನಿ ಹಾಕುವ ಲಸಿಕೆ, ಸುಮಾರು ಎಂಟು ವಾರಕ್ಕೆ ಚುಚ್ಚುವ ಲಸಿಕೆ ಆಗಬೇಕು. ನಡುವೆ ಇನ್ನೊಮ್ಮೆ ಹನಿ ಹಾಕುವುದನ್ನು ಪಶುವೈದ್ಯರನ್ನು ಕೇಳಿ ಮಾಡಿ. ನಾನು ಕೃಷಿ ಓದಿದವನು. ಔಷಧಿಯ ವಿಷಯದಲ್ಲಿ ಕೊನೆಯ ಮಾತು ಅವರದೇ. ಶಿವಮೊಗ್ಗದ ಸುತ್ತಲಿನವರಿಗೆ ವಿನೋಬನಗರದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವೇ ಇದೆ. ದೂರದ ಹಳ್ಳಿಯವರು ತಮ್ಮ ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಬಹುದು.

ಲಸಿಕೆಯ ಸೀಸೆ ಸಾಮಾನ್ಯವಾಗಿ ನೂರು ಕೋಳಿಗೆ ಅಥವಾ ಅದಕ್ಕಿಂತ ಹೆಚ್ಚಿಗೆ ಆಗುವಷ್ಟು ಇರುತ್ತದೆ. ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು, ಉಳಿದದ್ದನ್ನು ನಾಳೆಗೆ ಇಡುವಂತಿಲ್ಲ. ಹತ್ತು ಮರಿಯ ಮನೆಯವರು ಒಂಟಿಯಾಗಿ ಸೀಸೆ ತರದೆ ಸುಮ್ಮನಾಗುವುದು ಇದರಿಂದಲೇ. ಹುಂಜದ ಸುತ್ತಿಗೆ ಸೇರಿದ ನಾಲ್ಕು ಮನೆಯವರು ಹೇಂಟೆಗಳನ್ನು ಒಂದೇ ವಾರ ಕಾವಿಗೆ ಕೂರಿಸಿದರೆ ಮರಿಗಳೂ ಒಂದೇ ವಾರ ಒಡೆಯುತ್ತವೆ. ಆಗ ತೂಕದ ಹೋಲಿಕೆಯೂ ಸರಿಯಾಗುತ್ತದೆ, ಒಂದು ಸೀಸೆ ನಾಲ್ಕು ಮನೆಗೂ ಸಾಕಾಗುತ್ತದೆ. ಐಸ್ ತುಂಬಿದ ಫ್ಲಾಸ್ಕ್ ಹಿಡಿದು ಸಂಜೆ ತಂಪು ಹೊತ್ತಿನಲ್ಲಿ, ಮರಿಗಳು ಒಡ್ಡಿ ಸೇರುವ ಸಮಯಕ್ಕೆ ಹೊರಡಿ.